ಬಣ್ಣ ತೊಳೆದ ಮೇಲೆ



ಧಮ್ಮ ಬಂಧುಗಳೇ, ಇಂದಿನ ಚಿಂತನೆಗೆ ನಾನು ಆರಿಸಿಕೊಂಡಿರುವುದು ನಮ್ಮ ಹೊನ್ನಾವರ ತಾಲ್ಲೂಕಿನ ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರ ಬದುಕನ್ನು. ಅವರು ಬೌದ್ಧರಲ್ಲ, ನಮ್ಮ ಚಳವಳಿಯವರೂ ಅಲ್ಲ. ಅವರ ಮೇಳದ ಹೆಸರಿನಲ್ಲೇ ಇಡಗುಂಜಿಯ ಗಣಪತಿ ಇದ್ದಾನೆ. ನಾವು 22 ಪ್ರತಿಜ್ಞೆಗಳನ್ನು ಸ್ವೀಕರಿಸಿದವರು. ಆದರೂ ವೇಷಕ್ಕೂ ಮನುಷ್ಯನಿಗೂ ನಡುವಿನ ಅಂತರವನ್ನು ತಿಳಿಯಲು ಇವರಿಗಿಂತ ಹತ್ತಿರದ ಉದಾಹರಣೆ ನನಗೆ ಈ ಕರಾವಳಿಯಲ್ಲಿ ಸಿಗಲಿಲ್ಲ.

ಹೊನ್ನಾವರದಿಂದ ಭಟ್ಕಳದ ಕಡೆಗೆ ಹೆದ್ದಾರಿಯಲ್ಲಿ ಬರುವಾಗ ಗುಣವಂತೆ ಸಿಗುತ್ತದೆ. ಅದು ಶಂಭು ಹೆಗಡೆಯವರ ಊರು. ತಂದೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ನಾಲ್ಕು ವರ್ಷಗಳ ನಂತರ, 1938ರಲ್ಲಿ ಮಗ ಹುಟ್ಟಿದರು. ಮನೆಯಲ್ಲೇ ಮೇಳ ಇದ್ದುದರಿಂದ ಚಂಡೆ ಮದ್ದಲೆಯ ಸದ್ದಿನಲ್ಲೇ ಬೆಳೆದರು. ತಂದೆಯಿಂದ ಕಲಿತದ್ದು ಸಾಲದೆಂದು ನೃತ್ಯಗುರು ಮಾಯಾ ರಾವ್ ಅವರ ಬಳಿ ಹೋಗಿ ನೃತ್ಯ ಸಂಯೋಜನೆ ಕಲಿತರು. ಹರಿಶ್ಚಂದ್ರ, ಕರ್ಣ, ದುರ್ಯೋಧನ, ರಾಮ ಮುಂತಾದ ಪಾತ್ರಗಳಿಂದ ಹೆಸರಾದರು. ತಂದೆಗೆ ಸಂದ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಮುಂದೆ ಮಗನಿಗೂ ಸಂದಿತು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರ ತೆರೆದು ಎಳೆಯರಿಗೆ ಕಲಿಸಿದರು.

ಆಟದ ಚೌಕಿಯೊಳಗೆ ಇಣುಕಿ ನೋಡಿದವರಿಗೆ ಗೊತ್ತು. ವೇಷಧಾರಿ ಕನ್ನಡಿ ಮುಂದೆ ಕೂತು ತಾನೇ ತನ್ನ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾನೆ. ಗೆಜ್ಜೆ ಕಟ್ಟುತ್ತಾನೆ, ಕಿರೀಟ ಬಿಗಿಯುತ್ತಾನೆ. ಅಷ್ಟು ಹೊತ್ತಿಗೆ ಅವನ ಕೂರುವ ರೀತಿ, ನೋಟ ಎಲ್ಲ ಬದಲಾಗಿರುತ್ತದೆ. ಆಟ ಮುಗಿದ ಮೇಲೆ ತೆಂಗಿನೆಣ್ಣೆ ಹಚ್ಚಿ ಒರೆಸಿದರೆ ದುರ್ಯೋಧನನೂ ಇಲ್ಲ, ರಾಮನೂ ಇಲ್ಲ. ಇಂದು ರಾಮನಾದವನು ನಾಳೆ ದುರ್ಯೋಧನನಾಗಬಹುದು. ರಾಮನ ವೇಷ ಹಾಕಿದ್ದಕ್ಕೆ ಅವನು ದೊಡ್ಡವನಾಗುವುದಿಲ್ಲ, ದುರ್ಯೋಧನನ ವೇಷ ಹಾಕಿದ್ದಕ್ಕೆ ಕೆಟ್ಟವನಾಗುವುದಿಲ್ಲ. ಹಾಕಿದ್ದು ವೇಷ ಎಂಬ ಎಚ್ಚರ ಅವನಿಗೂ ಇರುತ್ತದೆ, ನೋಡುವವರಿಗೂ ಇರುತ್ತದೆ.

ಶಂಭು ಹೆಗಡೆಯವರ ಪಾತ್ರಗಳಲ್ಲಿ ಹರಿಶ್ಚಂದ್ರ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುತ್ತದೆ. ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟ ರಾಜ, ಹೆಂಡತಿ ಮಗನನ್ನು ಮಾರಿ, ಕೊನೆಗೆ ವೀರಬಾಹುಕನಿಗೆ ತನ್ನನ್ನೇ ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಸತ್ತ ಮಗನನ್ನು ಹೊತ್ತು ಬಂದ ಹೆಂಡತಿಯ ಬಳಿಯೇ ಸುಡುವ ಸುಂಕ ಕೇಳುತ್ತಾನೆ. ಯಾವ ಮೇಳ ಆಡಿದರೂ ಆ ಹೊತ್ತಿಗೆ ಗದ್ದೆಯಲ್ಲಿ ಕೂತ ಜನ ಕಣ್ಣೊರೆಸಿಕೊಳ್ಳುತ್ತಾರೆ.

ನಮ್ಮ ಅಪ್ಪ ಹುಡುಗರಾಗಿದ್ದಾಗ ಗದ್ದೆಯ ಅಂಚಿನಲ್ಲಿ, ನಮ್ಮ ಕೇರಿಯವರ ಜೊತೆ ಬೇರೆಯಾಗಿ ನಿಂತು ಆ ಪ್ರಸಂಗ ನೋಡಿದ್ದರು. ನಮ್ಮ ಅಜ್ಜ ಊರಿನವರ ಹೆಣ ಸುಡಲು ಸೌದೆ ಹೊರುತ್ತಿದ್ದವರು. ರಾಜನೊಬ್ಬ ಆ ಕೆಲಸಕ್ಕೆ ಬಂದನೆಂದು ಊರೆಲ್ಲ ಅತ್ತಿತು. ಜೀವನವಿಡೀ ಅದನ್ನೇ ಮಾಡಿದ ಅಜ್ಜನನ್ನು ನೋಡಿ ಯಾರೂ ಅಳಲಿಲ್ಲ. ಇದನ್ನು ಅಪ್ಪ ಸಿಟ್ಟಿಲ್ಲದೆ ಹೇಳುತ್ತಿದ್ದರು. ಹರಿಶ್ಚಂದ್ರನಿಗೆ ಬೆಳಗಾಗುವಾಗ ಕಿರೀಟ ಮರಳಿ ಸಿಗುತ್ತಿತ್ತು. ಅಜ್ಜನ ಮೈಮೇಲಿದ್ದದ್ದು ಯಾವ ಎಣ್ಣೆಗೂ ಹೋಗದ ಬಣ್ಣ. ಅದನ್ನು ಬಳಿದವರು ಬೇರೆಯವರು. ಅವರ ಕಣ್ಣಿಗೆ ಅದು ವೇಷವಾಗಿ ಕಾಣಲಿಲ್ಲ, ಹುಟ್ಟಾಗಿ ಕಂಡಿತು.

ಬಾಬಾಸಾಹೇಬರಿಗೂ ಒಮ್ಮೆ ವೇಷ ಹಾಕಬೇಕಾಗಿ ಬಂದಿತ್ತು. 1917ರಲ್ಲಿ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಉಳಿಯಲು ಎಲ್ಲೂ ಜಾಗ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಕೋಣೆ ಹಿಡಿದರು. ಕೆಲವೇ ದಿನಗಳಲ್ಲಿ ವಿಷಯ ತಿಳಿದು ಪಾರ್ಸಿಗಳು ಕೋಲು ಹಿಡಿದು ಬಂದು ಅವರನ್ನು ಹೊರಹಾಕಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪದವೀಧರ ಸಾರ್ವಜನಿಕ ತೋಟವೊಂದರಲ್ಲಿ ಕೂತು ಅತ್ತರು. ಶಂಭು ಹೆಗಡೆಯವರು ರಂಗದ ಮೇಲೆ ಬೇರೊಬ್ಬರಾದದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. ಬಾಬಾಸಾಹೇಬರು ಒಂದು ಸೂರಿಗಾಗಿ ಬೇರೊಬ್ಬರಾದದ್ದಕ್ಕೆ ಜನ ಕೋಲು ಎತ್ತಿದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಧಮ್ಮ ದೀಕ್ಷೆ ಪಡೆದಾಗ, ಸಮಾಜ ಬಳಿದ ಬಣ್ಣವನ್ನು ತಮ್ಮ ಕೈಯಿಂದಲೇ ತೊಳೆದುಕೊಂಡರು. ತೊಳೆಯಬಹುದು ಎಂದು ಲಕ್ಷಾಂತರ ಜನರಿಗೆ ತೋರಿಸಿದರು.

ಹಾಗಾದರೆ ಬಣ್ಣದ ಕೆಳಗೆ ಇರುವವರು ಯಾರು? ಒಳಗೆಲ್ಲೋ ಬದಲಾಗದ, ಶುದ್ಧವಾದ ಒಂದು ನಿಜವಾದ ನಾನು ಅಡಗಿದೆ ಎಂದು ಹಲವರು ಹೇಳುತ್ತಾರೆ. ಬುದ್ಧರು ಅದನ್ನು ಒಪ್ಪಲಿಲ್ಲ. ರೂಪ, ವೇದನೆ, ಸಂಜ್ಞೆ, ಸಂಖಾರ, ವಿಞ್ಞಾಣ ಈ ಐದರಲ್ಲಿ ಯಾವುದನ್ನು ಬಿಡಿಸಿ ನೋಡಿದರೂ ಅಲ್ಲಿ ಆತ್ಮ ಸಿಗುವುದಿಲ್ಲ. ಇದು ನಮಗೆ ಬಿಡುಗಡೆಯ ಮಾತು. ಏಕೆಂದರೆ ಹುಟ್ಟಿನಿಂದ ಮೇಲಿನ ಆತ್ಮ, ಕೆಳಗಿನ ಆತ್ಮ ಎಂಬುದೇ ಇಲ್ಲವಾಗುತ್ತದೆ. ಮನುಷ್ಯ ಏನು ಎಂಬುದನ್ನು ತೀರ್ಮಾನಿಸುವುದು ಅವನ ನಡೆ ಎಂದು ವಸಲ ಸುತ್ತ ನಮಗೆ ಕಲಿಸುತ್ತದೆ. ಶಂಭು ಹೆಗಡೆಯವರ ಬಣ್ಣ ತೊಳೆದ ಮೇಲೆ ಉಳಿದದ್ದೂ ಅದೇ: ಕಲಿತದ್ದು, ದುಡಿದದ್ದು, ಎಳೆಯರಿಗೆ ಕಲಿಸಿದ್ದು.

ಇದು ನಮ್ಮ ದಿನನಿತ್ಯದ ಪ್ರಶ್ನೆ. ಭಟ್ಕಳದಲ್ಲೋ ಕುಮಟಾದಲ್ಲೋ ಬಾಡಿಗೆ ಮನೆ ಹುಡುಕುವಾಗ ಬಾಡಿಗೆಗಿಂತ ಮೊದಲು ನಾವು ಯಾವ ಜನ ಎಂದು ಕೇಳುತ್ತಾರೆ. ನನಗೂ ಕೇಳಿದ್ದಾರೆ, ಉತ್ತರ ಕೊಟ್ಟ ಮೇಲೆ ಮನೆ ಬೇರೆಯವರಿಗೆ ಕೊಟ್ಟಾಗಿದೆ ಎಂದಿದ್ದಾರೆ. ಅಂಥ ಕಡೆ ಬೇರೆ ಹೆಸರು ಹೇಳಿ ಉಳಿದ ನಮ್ಮ ಹುಡುಗರನ್ನು ನಾವು ಹಂಗಿಸಬಾರದು. ನಾಚಿಕೆಪಡಬೇಕಾದವರು ಕೇಳಿದವರು.

ಆದರೆ ನಾವೇ ಇಷ್ಟಪಟ್ಟು ಹಾಕಿಕೊಳ್ಳುವ ವೇಷಗಳೂ ಇವೆ. ಏಪ್ರಿಲ್ 14ರಂದು ಬಿಳಿ ಅಂಗಿ ತೊಟ್ಟು ಸಮತೆಯ ಭಾಷಣ ಮಾಡಿ, ಮನೆಗೆ ಬಂದು ಹೆಂಡತಿಯ ಮೇಲೆ ಯಜಮಾನಿಕೆ ನಡೆಸಿದರೆ, ಆ ಬಿಳಿ ಅಂಗಿಯೂ ಚೌಕಿಯ ಪೆಟ್ಟಿಗೆಗೆ ಸೇರಿದ್ದೇ. ಬೌದ್ಧ ಎಂಬ ಹೆಸರು ಕೂಡ ನಡೆಯಲ್ಲಿ ಇಳಿಯದಿದ್ದರೆ ಇನ್ನೊಂದು ಕಿರೀಟವಾಗುತ್ತದೆ.

2009ರ ಫೆಬ್ರವರಿಯಲ್ಲಿ ಇಡಗುಂಜಿಯ ರಥೋತ್ಸವದ ಆಟದಲ್ಲಿ ಶಂಭು ಹೆಗಡೆಯವರು ರಾಮನ ಪಾತ್ರ ಮಾಡುತ್ತಿದ್ದಾಗ ಅಸ್ವಸ್ಥರಾಗಿ ತೀರಿಕೊಂಡರು. ಆ ವೇಷ ಕಳಚಿ ಅವರು ಮನೆಗೆ ಮರಳಲಿಲ್ಲ. ಆದರೆ ಊರು ಅತ್ತದ್ದು ರಾಮನಿಗಾಗಿ ಅಲ್ಲ, ಗುಣವಂತೆಯ ಆ ಮನುಷ್ಯನಿಗಾಗಿ. ನಮ್ಮ ಬಣ್ಣ ಯಾವಾಗ ತೊಳೆಯುವುದೆಂದು ನಮಗೂ ತಿಳಿಯದು. ಅನಿಚ್ಚ ಎಂದರೆ ಇದೇ.

ಇಂದು ರಾತ್ರಿ ಮಲಗುವ ಮುನ್ನ ಹತ್ತು ನಿಮಿಷ ಆನಾಪಾನ ಮಾಡಿ ಕೂರೋಣ. ಬೆಳಗಿನಿಂದ ಯಾವ ಯಾವ ವೇಷ ಹಾಕಿದೆ, ಅದನ್ನು ಕಟ್ಟಿದವರು ಯಾರು, ಅದರೊಳಗಿದ್ದು ಯಾರಿಗಾದರೂ ನೋವು ಕೊಟ್ಟೆನೇ ಎಂದು ಕೇಳಿಕೊಳ್ಳೋಣ. ಬೇರೆಯವರು ಬಳಿದದ್ದನ್ನು ತೊಳೆಯುವ ಧೈರ್ಯ, ನಾವೇ ಬಳಿದುಕೊಂಡದ್ದನ್ನು ಕಾಣುವ ಎಚ್ಚರ, ಎರಡೂ ನಮ್ಮಲ್ಲಿ ಬೆಳೆಯಲಿ.

ಜೈ ಭೀಮ್. ನಮೋ ಬುದ್ಧಾಯ.