ಮುಖಕ್ಕೋಸ್ಕರ ಲೆಕ್ಕ ಹಾಕಿದವರು

ಹೋದ ಫೆಸ್ಟ್‌ನಲ್ಲಿ ಗೆಳೆಯನ ಕ್ಯಾಮೆರಾ ಇಸ್ಕೊಂಡು ಅವನದೇ ಪೋರ್ಟ್ರೇಟ್ ತೆಗೆದಿದ್ದೆ. ಅಪರ್ಚರ್ 1.8. ಕಿವಿ ಸಖತ್ ಶಾರ್ಪ್, ಕಣ್ಣು ಪೂರ್ತಿ ಮಸುಕು! ಅಪರ್ಚರ್ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಬರುತ್ತೆ, ಆದ್ರೆ ಫೋಕಸ್ ಇರುವ ಜಾಗ ತೆಳುವಾಗುತ್ತೆ. ದೊಡ್ಡ ಅಪರ್ಚರ್‌ನಲ್ಲೂ ಮುಖ ಶಾರ್ಪ್ ಆಗಿ ಬರೋ ಲೆನ್ಸ್ ಮೊದಲು ಮಾಡಿದ್ದು ಯಾರು ಅಂತ ಹುಡುಕಿದಾಗ ಸಿಕ್ಕಿದ್ದು ಜೋಸೆಫ್ ಪೆಟ್ಸ್‌ವಾಲ್.

ಇವರು ಹುಟ್ಟಿದ್ದು 1807ರಲ್ಲಿ, ಈಗಿನ ಸ್ಲೊವಾಕಿಯಾದ ಸ್ಪಿಷ್‌ಸ್ಕಾ ಬೆಲಾ ಎಂಬ ಸಣ್ಣ ಊರಿನಲ್ಲಿ. ಓದಿದ್ದು ನಮ್ಮ ಹಾಗೇ ಎಂಜಿನಿಯರಿಂಗ್. ಕೆಲವು ವರ್ಷ ಪೆಸ್ಟ್‌ನಲ್ಲಿ ನಗರದ ಎಂಜಿನಿಯರ್ ಆಗಿದ್ದು, 1837ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯಕ್ಕೆ ಗಣಿತದ ಪ್ರೊಫೆಸರ್ ಆಗಿ ಹೋದರು.

1839ರಲ್ಲಿ ಪ್ಯಾರಿಸ್‌ನಿಂದ ಡಾಗೆರ್ ಅವರ ಫೋಟೋಗ್ರಫಿಯ ಸುದ್ದಿ ಬಂತು. ಆದರೆ ಆಗಿನ ಲೆನ್ಸ್ ಸುಮಾರು ಎಫ್/15. ಕಟ್ಟಡದ ಫೋಟೋಗೆ ತೊಂದರೆಯಿಲ್ಲ, ಕಟ್ಟಡ ಅಲ್ಲಾಡಲ್ಲ. ಮನುಷ್ಯರಾದರೆ ನಿಮಿಷಗಟ್ಟಲೆ ಬಿಸಿಲಲ್ಲಿ ಕೂರಬೇಕು, ತಲೆ ಅಲ್ಲಾಡದ ಹಾಗೆ ಹಿಂದೆ ಕಬ್ಬಿಣದ ಸ್ಟ್ಯಾಂಡ್. ಅಷ್ಟಾದರೂ ಮುಖ ಮಸುಕು.

ಆ ಕಾಲದಲ್ಲಿ ಲೆನ್ಸ್ ಅಂದ್ರೆ ಗಾಜು ಉಜ್ಜಿ, ನೋಡಿ, ಮತ್ತೆ ಉಜ್ಜೋದು. ಪೆಟ್ಸ್‌ವಾಲ್ ಮೊದಲು ಲೆಕ್ಕಕ್ಕೆ ಕೂತರು. ಕಂಪ್ಯೂಟರ್ ಎಲ್ಲಿಂದ ಬರಬೇಕು? ಲೆಕ್ಕದಲ್ಲಿ ಪಳಗಿದ್ದ ಫಿರಂಗಿ ದಳದ ಸೈನಿಕರನ್ನು ಆರ್ಚ್‌ಡ್ಯೂಕ್ ಲುಡ್ವಿಗ್ ಸಹಾಯಕ್ಕೆ ಕೊಟ್ಟರು. (ನಮ್ಮ ಪ್ರಾಜೆಕ್ಟ್ ಟೀಮ್‌ಗೆ ಹೀಗೆ ಯಾರನ್ನಾದರೂ ಕೊಟ್ಟಿದ್ದರೆ!) 1840ರಲ್ಲಿ ನಾಲ್ಕು ಗಾಜಿನ ಡಿಸೈನ್ ರೆಡಿಯಾಯ್ತು, ಎಫ್/3.6. ಬೆಳಕು ಹೆಚ್ಚುಕಮ್ಮಿ 16 ಪಟ್ಟು ಜಾಸ್ತಿ. ಒಳ್ಳೆ ಬೆಳಕಿದ್ದರೆ ಒಂದು ನಿಮಿಷದೊಳಗೆ ಫೋಟೋ ಮುಗೀತಿತ್ತು.

ನನಗೆ ತುಂಬಾ ಇಷ್ಟವಾಗಿದ್ದು ಈ ಲೆನ್ಸ್‌ನ ಕೊರತೆ. ಇದರ ಇಮೇಜ್ ಸಮತಟ್ಟಾಗಿ ಬೀಳಲ್ಲ, ಬಟ್ಟಲಿನ ಹಾಗೆ ಬಾಗಿರುತ್ತೆ. ಪ್ಲೇಟ್ ಮಾತ್ರ ಚಪ್ಪಟೆ. ಹಾಗಾಗಿ ನಡುವೆ ಫೋಕಸ್ ಮಾಡಿದರೆ ಅಂಚು ಕದಡಿದಂತೆ ಕಾಣುತ್ತೆ. ಆದರೆ ಪೋರ್ಟ್ರೇಟ್‌ನಲ್ಲಿ ಮುಖ ಇರೋದೇ ನಡುವೆ ತಾನೆ! ಆ ಬಾಗು ಎಷ್ಟು ಅಂತ ಹೇಳುವ ಸೂತ್ರವನ್ನೂ ಅವರೇ ಕೊಟ್ಟರು. ಅದು ಇವತ್ತಿಗೂ ಪೆಟ್ಸ್‌ವಾಲ್ ಸಮ್ ಅಂತಲೇ ಲೆನ್ಸ್ ಡಿಸೈನ್ ಸಾಫ್ಟ್‌ವೇರ್‌ನಲ್ಲಿದೆ. 2013ರಲ್ಲಿ ಲೋಮೋಗ್ರಫಿ ಕಂಪನಿ ಇದೇ ಲೆನ್ಸ್‌ನ ಹೊಸ ರೂಪ ತಂದಾಗ, ಜನ ಮುಗಿಬಿದ್ದಿದ್ದು ಆ ಕದಡಿದ ಅಂಚಿಗಾಗಿ.

ದುಡ್ಡಿನ ಕಥೆ ಬೇರೆ. ಲೆನ್ಸ್ ತಯಾರಿಸಿದ ಫಾಯ್ಕ್‌ಟ್‌ಲೆಂಡರ್ ಕಂಪನಿಯಿಂದ ಪೆಟ್ಸ್‌ವಾಲ್‌ಗೆ ಒಂದೇ ಸಲಕ್ಕೆ 2,000 ಗುಲ್ಡನ್ ಸಿಕ್ಕಿತು, ಅಷ್ಟೆ. ಲೆನ್ಸ್ ಸಾವಿರಗಟ್ಟಲೆ ಮಾರಾಟವಾಯ್ತು. ಜಗಳವಾಗಿ ಸಂಬಂಧ ಮುರಿಯಿತು.

ಅವರೇನು ಸಾಧು ಸ್ವಭಾವದವರಲ್ಲ. 1852ರಲ್ಲಿ ಡಾಪ್ಲರ್ ಎಫೆಕ್ಟ್ ತಪ್ಪು ಅಂತ ವಿಯೆನ್ನಾ ಅಕಾಡೆಮಿಯಲ್ಲಿ ವಾದ ಹೂಡಿದರು. ಇಷ್ಟು ಸರಳ ಸೂತ್ರದಿಂದ ದೊಡ್ಡ ವಿಜ್ಞಾನ ಹುಟ್ಟಲ್ಲ ಅನ್ನೋದು ಅವರ ಹಟ. ಕಾಯಿಲೆಯಲ್ಲಿದ್ದ ಡಾಪ್ಲರ್ ಮರುವರ್ಷವೇ ತೀರಿಕೊಂಡರು. ತಪ್ಪಿದ್ದು ಪೆಟ್ಸ್‌ವಾಲ್ ಅವರದೇ. ಇದನ್ನು ಓದಿದಾಗ ನನಗೆ ಅವರ ಮೇಲೆ ಸ್ವಲ್ಪ ಬೇಜಾರೇ ಆಯ್ತು.

1859ರಲ್ಲಿ ಅವರ ಮನೆಗೆ ಕಳ್ಳರು ನುಗ್ಗಿದರು. ವರ್ಷಗಳಿಂದ ಬರೆದಿಟ್ಟಿದ್ದ ಆಪ್ಟಿಕ್ಸ್ ಹಸ್ತಪ್ರತಿ ಹಾಳಾಯ್ತು. ಬ್ಯಾಕಪ್ ಇಲ್ಲ. ಅವರು ಅದನ್ನು ಮತ್ತೆ ಬರೆಯಲಿಲ್ಲ; ಲೆನ್ಸ್ ಬಿಟ್ಟು ಶಬ್ದದ ಅಧ್ಯಯನಕ್ಕೆ ಹೊರಳಿದರು. ಬರಬರುತ್ತಾ ಜನರಿಂದ ದೂರವಾಗಿ, 1891ರ ಸೆಪ್ಟೆಂಬರ್‌ನಲ್ಲಿ ವಿಯೆನ್ನಾದಲ್ಲೇ ತೀರಿಕೊಂಡರು.