ಸರ್ ಥಾಮಸ್ ಮನ್ರೋ: ನಮ್ಮ ಜಿಲ್ಲೆಯ ಶಾಲೆಗಳನ್ನು ಎಣಿಸಿದ ಗವರ್ನರ್

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಎಷ್ಟಿರಬೇಕು, ಮಾತೃಭಾಷೆ ಎಷ್ಟಿರಬೇಕು, ಯಾವ ಪುಸ್ತಕ ಓದಿಸಬೇಕು, ಅದನ್ನು ಯಾರು ಓದಿಸಬೇಕು? ಪ್ರತಿವರ್ಷ ಜೂನ್ ತಿಂಗಳು ಬಂತೆಂದರೆ ಶಾಲೆ ನಡೆಸುವವರೆಲ್ಲ ಕೇಳಿಕೊಳ್ಳುವ ಪ್ರಶ್ನೆಗಳಿವು. ಇವು ಹೊಸ ಪ್ರಶ್ನೆಗಳೇನೂ ಅಲ್ಲ. ಸುಮಾರು 200 ವರ್ಷಗಳ ಹಿಂದೆ, ಬಳ್ಳಾರಿ ಸೀಮೆಯನ್ನು ಹಳ್ಳಿ ಹಳ್ಳಿಯಾಗಿ ಬಲ್ಲ ಒಬ್ಬ ಅಧಿಕಾರಿ ಈ ಪ್ರಶ್ನೆಗಳನ್ನು ಎದುರಿಸಿ, ಲೆಕ್ಕ ಹಾಕಿ, ಒಂದು ಯೋಜನೆಯನ್ನೇ ಬರೆದಿಟ್ಟಿದ್ದರು. ಅವರೇ ಸರ್ ಥಾಮಸ್ ಮನ್ರೋ. ಮಂತ್ರಾಲಯದ ಐತಿಹ್ಯದಿಂದಾಗಿ ಸಿರುಗುಪ್ಪದ ಕಡೆಯವರಿಗೆ ಅವರ ಹೆಸರು ಪರಿಚಿತ. ಆದರೆ ಶಿಕ್ಷಣಕ್ಕೂ ಅವರಿಗೂ ಇದ್ದ ಸಂಬಂಧ ಹೆಚ್ಚಿನವರಿಗೆ ತಿಳಿದಿಲ್ಲ. ನಮ್ಮ ವಿದ್ಯಾರ್ಥಿಗಳು ತಿಳಿಯಬೇಕಾದದ್ದು ಅದೇ.

ಬಾಲ್ಯ ಮತ್ತು ಕಲಿಕೆ

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ತಂದೆ ಅಲೆಕ್ಸಾಂಡರ್ ಮನ್ರೋ ಅಮೆರಿಕದ ವರ್ಜೀನಿಯಾದೊಡನೆ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದರು. ಚಿಕ್ಕಂದಿನಲ್ಲಿ ಬಂದ ದಡಾರದಿಂದ ಬಾಲಕನಿಗೆ ಕಿವಿ ಸ್ವಲ್ಪ ಮಂದವಾಯಿತು. ಆ ತೊಂದರೆ ಕೊನೆಯವರೆಗೂ ಉಳಿಯಿತು. ಆದರೆ ಓದಿಗೆ ಅದು ಅಡ್ಡಿಯಾಗಲಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಗಣಿತ, ರಸಾಯನಶಾಸ್ತ್ರಗಳನ್ನು ಕಲಿತರು. ಸ್ಪ್ಯಾನಿಷ್ ಕಾದಂಬರಿ ಡಾನ್ ಕ್ವಿಕ್ಸೋಟ್ ಅನ್ನು ಮೂಲದಲ್ಲಿಯೇ ಓದಬೇಕೆಂಬ ಆಸೆಯಿಂದ ನಿಘಂಟು, ವ್ಯಾಕರಣಗಳನ್ನು ಹಿಡಿದು ಸ್ಪ್ಯಾನಿಷ್ ಭಾಷೆಯನ್ನು ತಾವಾಗಿಯೇ ಕಲಿತರು. ಪರೀಕ್ಷೆಗಾಗಿ ಅಲ್ಲ, ಒಂದು ಪುಸ್ತಕದ ಮೇಲಿನ ಪ್ರೀತಿಗಾಗಿ ಕಲಿತ ಭಾಷೆ ಅದು ಎಂಬುದನ್ನು ಗಮನಿಸಬೇಕು.

ಅಮೆರಿಕದ ಸ್ವಾತಂತ್ರ್ಯ ಯುದ್ಧದಿಂದ ತಂದೆಯ ವ್ಯಾಪಾರ ಮುಳುಗಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಡೆಟ್ ಆಗಿ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದರು. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. ಬಂದ ವರ್ಷವೇ ಹೈದರ್ ಅಲಿಯವರೊಡನೆ ಯುದ್ಧ ಶುರುವಾಯಿತು. ಮುಂದೆ ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧದಲ್ಲಿಯೂ ಅವರು ಕಂಪನಿಯ ಕಡೆ ಇದ್ದರು. ಅವರು ಕಂಪನಿಯ ನಿಷ್ಠಾವಂತ ಸೇವಕರಾಗಿದ್ದರು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೂ ನಾಡಿನ ಭಾಷೆ ಕಲಿಯದೆ ನಾಡನ್ನು ಅರಿಯಲಾಗದು ಎಂಬುದನ್ನು ಅವರು ಬೇಗನೇ ಕಂಡುಕೊಂಡರು. ಹಿಂದೂಸ್ತಾನಿ ಮತ್ತು ಫಾರ್ಸಿ ಭಾಷೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು.

ಫಾರ್ಸಿ ಕಥೆ ಮತ್ತು ಶೇಕ್ಸ್‌ಪಿಯರ್

ಈ ಅಭ್ಯಾಸದಿಂದ ಒಂದು ಸ್ವಾರಸ್ಯದ ಫಲ ದೊರೆಯಿತು. ಸಾಲ ತೀರಿಸದಿದ್ದರೆ ಮೈಯಿಂದ ಮಾಂಸ ಕತ್ತರಿಸಿ ಕೊಡಬೇಕೆಂಬ ಕರಾರಿನ ಕಥೆ ಶೇಕ್ಸ್‌ಪಿಯರನ ವೆನಿಸ್ಸಿನ ವ್ಯಾಪಾರಿ ನಾಟಕದಲ್ಲಿದೆ. ಅಂಥದೇ ಕಥೆಯೊಂದು ಮನ್ರೋ ಅವರಿಗೆ ಫಾರ್ಸಿ ಹಸ್ತಪ್ರತಿಯೊಂದರಲ್ಲಿ ಕಾಣಿಸಿತು. ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. ಶೇಕ್ಸ್‌ಪಿಯರ್ ವಿದ್ವಾಂಸ ಎಡ್ಮಂಡ್ ಮೆಲೋನ್ 1790ರಲ್ಲಿ ಹೊರತಂದ ಕೃತಿಸಂಪುಟದಲ್ಲಿ ಈ ಅನುವಾದಕ್ಕೆ ಸ್ಥಾನ ಕೊಟ್ಟರು. ಆಗ ಮನ್ರೋ ತಂಜಾವೂರಿನ ಕಡೆಯ ಸಿಪಾಯಿ ಪಡೆಯಲ್ಲಿದ್ದ ಕಿರಿಯ ಅಧಿಕಾರಿ.

ಇಂಗ್ಲಿಷ್ ಸಾಹಿತ್ಯ ಎಂದರೆ ನಮ್ಮದಲ್ಲದ್ದು, ಎಲ್ಲಿಂದಲೋ ಬಂದದ್ದು ಎಂದು ಹೆದರುವ ಮಕ್ಕಳಿಗೆ ಈ ಸಂಗತಿಯನ್ನು ಹೇಳಬೇಕು. ಅಜ್ಜಿ ಹೇಳುವ ಕಾಜಿಯ ನ್ಯಾಯದ ಕಥೆಗೂ ಇಂಗ್ಲಿಷ್ ನಾಟಕದ ನ್ಯಾಯಾಲಯದ ದೃಶ್ಯಕ್ಕೂ ನಂಟಿರಬಹುದು. ಮೊದಲು ಆ ಕಥೆಯನ್ನು ಉರ್ದುವಿನಲ್ಲಿಯೋ ಕನ್ನಡದಲ್ಲಿಯೋ ಹೇಳಿ ಆಮೇಲೆ ಇಂಗ್ಲಿಷ್ ಪಾಠಕ್ಕೆ ಕರೆದೊಯ್ದರೆ ಮಗುವಿನ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ.

ಬಳ್ಳಾರಿ ಸೀಮೆಗೆ

1792ರಿಂದ 7 ವರ್ಷ ಬಾರಾಮಹಲ್ ಪ್ರಾಂತದಲ್ಲಿ ಕಂದಾಯದ ಕೆಲಸ ಮಾಡಿದ ಮನ್ರೋ, 1799ರಲ್ಲಿ ಕೆನರಾ ಜಿಲ್ಲೆಗೆ ಕಲೆಕ್ಟರಾದರು. 1800ರ ಅಕ್ಟೋಬರಿನಲ್ಲಿ ಹೈದರಾಬಾದಿನ ನಿಜಾಮರು ತುಂಗಭದ್ರೆಯ ದಕ್ಷಿಣದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಆದವಾನಿ, ಅನಂತಪುರ, ಕಡಪ ಎಲ್ಲ ಸೇರಿದ ಈ ಭಾಗಕ್ಕೆ ದತ್ತ ಮಂಡಲ ಎಂಬ ಹೆಸರು ಬಂತು. ಸಿರುಗುಪ್ಪದ ದಡ ಕಂಪನಿಗೆ ಸೇರಿತು, ಎದುರಿನ ದಡ ನಿಜಾಮರಲ್ಲಿಯೇ ಉಳಿಯಿತು. ಇಲ್ಲಿನ ಮೊದಲ ಪ್ರಧಾನ ಕಲೆಕ್ಟರಾಗಿ ಮನ್ರೋ 1800ರಿಂದ 1807ರವರೆಗೆ ದುಡಿದರು.

ಅವರು ಕಚೇರಿಯಲ್ಲಿ ಕುಳಿತು ಆಳಿದವರಲ್ಲ. ವರ್ಷದ ಬಹುಭಾಗ ಡೇರೆಯಲ್ಲಿ ಕಳೆದು, ಹಳ್ಳಿಯಿಂದ ಹಳ್ಳಿಗೆ ಹೋಗಿ, ಹೊಲಗಳನ್ನು ಅಳೆಯಿಸಿ, ರೈತರೊಡನೆ ನೇರವಾಗಿ ಕಂದಾಯ ಗೊತ್ತುಮಾಡುವ ರೈತವಾರಿ ಪದ್ಧತಿಯನ್ನು ಬೆಳೆಸಿದರು. ಕಂದಾಯದ ಹೊರೆ ಹೆಚ್ಚಾಗಿಯೇ ಇತ್ತು. ಅದನ್ನು ಅರಿತು 1807ರಲ್ಲಿ ಶೇಕಡಾ 25ರಷ್ಟು ಇಳಿಸಬೇಕೆಂದು ಅವರೇ ಬರೆದರು. ಮೇಲಿನವರು ಆಗ ಒಪ್ಪಲಿಲ್ಲ. ಮುಂದೆ ತಾವೇ ಗವರ್ನರ್ ಆದಾಗ ಅದನ್ನು ಜಾರಿಗೆ ತಂದರು. ಈ ಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರೆಂದರೆ ಜನರ ಮನಸ್ಸಿನಲ್ಲಿ ಅವರಿಗಿದ್ದ ಸ್ಥಾನ ಎಂಥದೆಂದು ತಿಳಿಯುತ್ತದೆ.

ಶಾಲೆಗಳ ಎಣಿಕೆ

1820ರ ಜೂನಿನಲ್ಲಿ ಮನ್ರೋ ಮದ್ರಾಸ್ ಪ್ರಾಂತದ ಗವರ್ನರ್ ಆದರು. ಜನರ ವಿದ್ಯಾಸ್ಥಿತಿ ಹೇಗಿದೆ ಎಂದು ತಿಳಿಯದೆ ಅದನ್ನು ಸುಧಾರಿಸುವ ಮಾತು ವ್ಯರ್ಥ ಎಂಬುದು ಅವರ ನಿಲುವು. ಆದ್ದರಿಂದ 1822ರ ಜೂನ್ 25ರಂದು ಟಿಪ್ಪಣಿ ಬರೆದು, ಪ್ರತಿ ಜಿಲ್ಲೆಯ ಶಾಲೆಗಳೆಷ್ಟು, ಮಕ್ಕಳೆಷ್ಟು, ಅವರ ಜಾತಿ ಮತಗಳೇನು, ಏನು ಓದುತ್ತಾರೆ, ಗುರುಗಳಿಗೆ ಏನು ಕೊಡುತ್ತಾರೆ ಎಂಬ ಲೆಕ್ಕವನ್ನು ಕಲೆಕ್ಟರುಗಳಿಂದ ತರಿಸಲು ತೀರ್ಮಾನಿಸಿದರು.

ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಕಳಿಸಿದರು. ಈಗಿನ ಅನಂತಪುರದ ಭಾಗವೂ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಫಾರ್ಸಿಯವು 21, ತಮಿಳಿನವು 4. ಬ್ರಾಹ್ಮಣರು ಮಾತ್ರ ಓದುತ್ತಿದ್ದ ಶಾಸ್ತ್ರಪಾಠದ ಸ್ಥಳಗಳು 23. ಇಂಗ್ಲಿಷ್ ಕಲಿಸುವ ಶಾಲೆ ಇಡೀ ಜಿಲ್ಲೆಗೆ ಒಂದೇ ಒಂದು.

ಒಟ್ಟು ವಿದ್ಯಾರ್ಥಿಗಳು 6,641. ಅಂದರೆ ಸಾವಿರ ಜನರಿಗೆ ಸುಮಾರು 7. ಇವರಲ್ಲಿ ಹಿಂದೂಗಳು 6,398, ಮುಸ್ಲಿಮರು 243. ಹೆಣ್ಣುಮಕ್ಕಳು 60, ಅವರಲ್ಲಿ ಮುಸ್ಲಿಂ ಬಾಲಕಿ ಒಬ್ಬಳೂ ಇರಲಿಲ್ಲ. ನಮ್ಮಂಥ ಶಿಕ್ಷಣ ಸಂಸ್ಥೆಗಳು ಈ ಎರಡು ಅಂಕಿಗಳನ್ನು, 243 ಮತ್ತು ಸೊನ್ನೆಯನ್ನು, ಗೋಡೆಯ ಮೇಲೆ ಬರೆದಿಟ್ಟುಕೊಂಡರೂ ತಪ್ಪಿಲ್ಲ. ಮನೆಯಲ್ಲಿಯೇ ಓದುತ್ತಿದ್ದ ಮಕ್ಕಳು ಈ ಲೆಕ್ಕಕ್ಕೆ ಪೂರ್ತಿಯಾಗಿ ಬಂದಿರಲಿಲ್ಲ ಎಂಬುದು ನಿಜ, ಮನ್ರೋ ಅವರೂ ಅದನ್ನು ಗುರುತಿಸಿದ್ದರು. ಆದರೂ ಶಾಲೆಗೆ ಹೋಗುತ್ತಿದ್ದ 100 ಮಕ್ಕಳಲ್ಲಿ ಮುಸ್ಲಿಮರು 4 ಮಂದಿಯೂ ಇರಲಿಲ್ಲ.

ಕ್ಯಾಂಪ್‌ಬೆಲ್ ಅಂಕಿಗಳೊಂದಿಗೆ ಕಾರಣಗಳನ್ನೂ ಬರೆದರು. ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರ ತೀಡಿ, ಕಡತದ ಮೇಲೆ ಬಳಪದಿಂದ ಬರೆದು ಕಲಿಯುವ ರೀತಿ ಅಗ್ಗದ್ದು, ಒಳ್ಳೆಯದು. ಹಿರಿಯ ಹುಡುಗರು ಕಿರಿಯರಿಗೆ ಹೇಳಿಕೊಡುವ ಪದ್ಧತಿ ಮೆಚ್ಚತಕ್ಕದ್ದು. ಆದರೆ ಓದಿಸುವ ಕಾವ್ಯಗಳ ಭಾಷೆ ಆಡುಮಾತಿನಿಂದ ದೂರ. ಮಕ್ಕಳು ಅರ್ಥ ತಿಳಿಯದೆ ಉರುಹೊಡೆಯುತ್ತಾರೆ, ಎಷ್ಟೋ ಸಲ ಗುರುವಿಗೂ ಅರ್ಥ ತಿಳಿದಿರುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಬಡತನ. ವಿಲಾಯತಿ ಬಟ್ಟೆ ಬಂದು ನೇಕಾರರ ಕಸುಬು ಕುಸಿದಿತ್ತು. ಮಗು ದುಡಿಯುವಷ್ಟು ಬೆಳೆದ ಕೂಡಲೇ ತಂದೆ ತಾಯಿ ಶಾಲೆ ಬಿಡಿಸುತ್ತಿದ್ದರು. ಕಂಪನಿಯ ಅಧಿಕಾರಿಯೇ ಕಂಪನಿಯ ಆಳ್ವಿಕೆಯ ಪರಿಣಾಮವನ್ನು ಹೀಗೆ ದಾಖಲಿಸಿದ್ದು ವಿಶೇಷ.

1826ರ ಯೋಜನೆ

ಎಲ್ಲ ಜಿಲ್ಲೆಗಳ ವರದಿ ಬಂದ ಮೇಲೆ 1826ರ ಮಾರ್ಚ್ 10ರಂದು ಮನ್ರೋ ತಮ್ಮ ಪ್ರಸಿದ್ಧ ಟಿಪ್ಪಣಿಯನ್ನು ಬರೆದರು. ಸುಮಾರು 1 ಕೋಟಿ 28 ಲಕ್ಷ ಜನರಿದ್ದ ಪ್ರಾಂತದಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಗುರುಗಳ ಸಂಪಾದನೆ ತಿಂಗಳಿಗೆ 6-7 ರೂಪಾಯಿ ದಾಟುವುದಿಲ್ಲ. ಇಷ್ಟು ಕಡಿಮೆ ಸಂಪಾದನೆಗೆ ಸಮರ್ಥರು ಈ ವೃತ್ತಿಗೆ ಬರುವುದಿಲ್ಲ ಎಂದು ಅವರು ಗುರುತಿಸಿದರು.

ಅವರ ಯೋಜನೆ ಹೀಗಿತ್ತು. ಪ್ರತಿ ಕಲೆಕ್ಟರ್ ಜಿಲ್ಲೆಯಲ್ಲಿ ಎರಡು ಮುಖ್ಯ ಶಾಲೆಗಳು, ಒಂದು ಹಿಂದೂಗಳಿಗೆ, ಒಂದು ಮುಸ್ಲಿಮರಿಗೆ. ಹೀಗೆ 20 ಜಿಲ್ಲೆಗಳಿಗೆ 40 ಶಾಲೆಗಳು. ಇವುಗಳ ಗುರುಗಳಿಗೆ ತಿಂಗಳಿಗೆ 15 ರೂಪಾಯಿ. ಆಮೇಲೆ ಪ್ರತಿ ತಹಸೀಲಿಗೆ ಒಂದರಂತೆ 300 ಶಾಲೆಗಳು, ಅಲ್ಲಿನ ಗುರುಗಳಿಗೆ 9 ರೂಪಾಯಿ. ಮಕ್ಕಳು ಕೊಡುವ ಶುಲ್ಕ ಇದಕ್ಕೆ ಹೆಚ್ಚುವರಿ. ಈ ಗುರುಗಳನ್ನು ತರಬೇತುಗೊಳಿಸಲು ಮದ್ರಾಸಿನಲ್ಲಿ ಒಂದು ಕೇಂದ್ರ ಶಾಲೆ. ಪುಸ್ತಕ ಸಿದ್ಧಪಡಿಸುವ ಮದ್ರಾಸ್ ಸ್ಕೂಲ್ ಬುಕ್ ಸೊಸೈಟಿಗೆ ತಿಂಗಳಿಗೆ 700 ರೂಪಾಯಿ. ಒಟ್ಟು ಖರ್ಚು ತಿಂಗಳಿಗೆ 4,000, ವರ್ಷಕ್ಕೆ 48,000 ರೂಪಾಯಿ. ಹಳ್ಳಿಯ ಮಟ್ಟದಲ್ಲಿ ನಾಡಭಾಷೆಯ ಓದು ಗಟ್ಟಿಯಾಗಬೇಕು, ಮೇಲಿನ ಶಾಲೆಗಳಲ್ಲಿ ಹೆಚ್ಚಿನ ವಿದ್ಯೆಗೆ ದಾರಿಯಾಗಬೇಕು ಎಂಬುದು ಇದರ ಒಟ್ಟು ರೂಪ. ತಳಪಾಯ ಮೊದಲು, ಗೋಪುರ ಆಮೇಲೆ.

ಮನ್ರೋ ಅವರ ಇನ್ನೆರಡು ನಿಲುವುಗಳನ್ನು ಇದರೊಂದಿಗೆ ನೆನೆಯಬೇಕು. ಓದಿದ ಭಾರತೀಯರಿಗೆ ಉನ್ನತ ಹುದ್ದೆ ಕೊಡದೆ ಬರೀ ಪುಸ್ತಕ ಕೊಟ್ಟರೆ ವಿದ್ಯೆ ಬೆಳೆಯದು ಎಂದು 1824ರ ಡಿಸೆಂಬರಿನ ಟಿಪ್ಪಣಿಯಲ್ಲಿ ಅವರು ವಾದಿಸಿದ್ದರು. ಹಾಗೆಯೇ 1822ರಲ್ಲಿ ಬಳ್ಳಾರಿಯ ಸಬ್ ಕಲೆಕ್ಟರ್ ಒಬ್ಬರು ಅಧಿಕಾರದ ಸ್ಥಾನದಲ್ಲಿದ್ದುಕೊಂಡು ಧರ್ಮಪ್ರಚಾರಕ್ಕೆ ಕೈಹಾಕಿದಾಗ ಮನ್ರೋ ಅದನ್ನು ಖಂಡಿಸಿದರು. ಸರ್ಕಾರಿ ಅಧಿಕಾರಿ ಜನರ ಧರ್ಮದ ವಿಷಯದಲ್ಲಿ ತಲೆಹಾಕಬಾರದು ಎಂಬುದು ಅವರ ದೃಢವಾದ ನೀತಿಯಾಗಿತ್ತು.

ಕೊನೆಯ ಪ್ರವಾಸ

ನಿವೃತ್ತಿಯ ಹೊಸ್ತಿಲಲ್ಲಿದ್ದ ಮನ್ರೋ ತಮ್ಮ ಪ್ರೀತಿಯ ದತ್ತ ಮಂಡಲವನ್ನು ಕೊನೆಯ ಬಾರಿ ನೋಡಲು 1827ರಲ್ಲಿ ಹೊರಟರು. ದಾರಿಯಲ್ಲಿ ಕಾಲರಾ ತಗುಲಿ ಜುಲೈ 6ರಂದು ಪತ್ತಿಕೊಂಡದಲ್ಲಿ ತೀರಿಕೊಂಡರು. ಗುತ್ತಿಯಲ್ಲಿ ಮಣ್ಣು ಮಾಡಲಾಯಿತು. 1831ರಲ್ಲಿ ಅವಶೇಷಗಳನ್ನು ಮದ್ರಾಸಿನ ಸೇಂಟ್ ಮೇರಿ ಚರ್ಚಿಗೆ ಒಯ್ದರು. ಕುದುರೆಯ ಮೇಲೆ ಕುಳಿತ ಅವರ ಕಂಚಿನ ಪ್ರತಿಮೆ ಚೆನ್ನೈ ನಗರದ ಹೆಗ್ಗುರುತಾಯಿತು.

ಅವರೊಂದಿಗೆ ಯೋಜನೆಯ ಜೀವವೂ ಹೋಯಿತು ಎನ್ನಬೇಕು. 1828ರಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿ ಒಪ್ಪಿಗೆ ಕೊಟ್ಟರೂ ಶಾಲೆಗಳ ಸಂಖ್ಯೆ 340ನ್ನು ಮುಟ್ಟಲೇ ಇಲ್ಲ. ಸಂಬಳ ಸಾಲದು, ಮೇಲ್ವಿಚಾರಣೆ ಇಲ್ಲ. 1835ರಲ್ಲಿ ಮೆಕಾಲೆಯ ವಾದ ಗೆದ್ದು, ಸರ್ಕಾರದ ಹಣ ಇಂಗ್ಲಿಷಿನ ಮೂಲಕ ಕೊಡುವ ಉನ್ನತ ಶಿಕ್ಷಣದ ಕಡೆ ಹರಿಯಿತು. ಮರುವರ್ಷ ಮನ್ರೋ ಯೋಜನೆಯ ಶಾಲೆಗಳನ್ನು ಕೈಬಿಡಲಾಯಿತು. 1837ರಲ್ಲಿ ಫಾರ್ಸಿ ತನ್ನ ಕಚೇರಿಯ ಸ್ಥಾನ ಕಳೆದುಕೊಂಡಿತು. 1857ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಅದರ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯೇ ಪ್ರೌಢಶಾಲೆಗಳ ಪಠ್ಯಕ್ರಮವನ್ನು ಆಳತೊಡಗಿತು. ಮುಸ್ಲಿಮರು ಹಿಂದೆ ಉಳಿದರು. ಅದು ಸರ್ಕಾರದ ಗಮನಕ್ಕೆ ಮತ್ತೆ ಬಂದದ್ದು 1871ರ ಲಾರ್ಡ್ ಮೇಯೋ ನಿರ್ಣಯದಲ್ಲಿ ಮತ್ತು 1882ರ ಹಂಟರ್ ಆಯೋಗದಲ್ಲಿ. ನಡುವೆ ಒಂದು ತಲೆಮಾರಿಗೂ ಹೆಚ್ಚು ಕಾಲ ಕಳೆದುಹೋಗಿತ್ತು.

ನಮಗೆ ಪಾಠ

ನಮ್ಮ ತಾಲ್ಲೂಕಿನ ಮಗು ಮನೆಯಲ್ಲಿ ದಖನಿ ಆಡುತ್ತದೆ, ಪುಸ್ತಕದಲ್ಲಿ ಉರ್ದು ಓದುತ್ತದೆ, ಬೀದಿಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಕೇಳುತ್ತದೆ. ಇಷ್ಟರ ಮೇಲೆ ಇಂಗ್ಲಿಷ್ ಬರುತ್ತದೆ. ಇದು ಹೊರೆಯಲ್ಲ, ಬಂಡವಾಳ. ಸ್ಪ್ಯಾನಿಷ್ ಕಲಿತ ಹುಡುಗ ಮುಂದೆ ಫಾರ್ಸಿಯನ್ನೂ ಕಲಿತಂತೆ, ಒಂದು ಭಾಷೆ ಇನ್ನೊಂದಕ್ಕೆ ಮೆಟ್ಟಿಲಾಗುತ್ತದೆ. ಆದರೆ ಮೊದಲ ಮೆಟ್ಟಿಲು ಗಟ್ಟಿಯಿರಬೇಕು.

ಇಂಗ್ಲಿಷ್ ಪಾಠಕ್ರಮ ರೂಪಿಸುವವರು ಮನ್ರೋ ಅವರ ಕ್ರಮವನ್ನು ಅನುಸರಿಸಬಹುದು. ಮೊದಲು ಎಣಿಕೆ: ಎಂಟನೆಯ ತರಗತಿಗೆ ಬಂದ ಮಕ್ಕಳಲ್ಲಿ ಒಂದು ಪುಟವನ್ನು ಅರ್ಥಮಾಡಿಕೊಂಡು ಓದಬಲ್ಲವರು ಎಷ್ಟು? ಆಮೇಲೆ ಗುರು: ಅವರಿಗೆ ತಕ್ಕ ತರಬೇತಿ ಮತ್ತು ಸಂಬಳ ಇದೆಯೇ? ಆಮೇಲೆ ಪುಸ್ತಕ: ಮಗುವಿಗೆ ತಿಳಿದ ಬದುಕಿನಿಂದ ಶುರುವಾಗಿ ದೂರದ ಸಾಹಿತ್ಯಕ್ಕೆ ಹೋಗುತ್ತದೆಯೇ? ಕೊನೆಗೆ ನಿಗಾ: ವರ್ಷವಿಡೀ ಯಾರು ನೋಡಿಕೊಳ್ಳುತ್ತಾರೆ? ಗೈಡಿನಿಂದ ಪದ್ಯದ ಸಾರಾಂಶ ಬಾಯಿಪಾಠ ಮಾಡಿಸುವುದು 1823ರಲ್ಲಿ ಕ್ಯಾಂಪ್‌ಬೆಲ್ ಕಂಡ ಅದೇ ರೋಗ, ಭಾಷೆ ಮಾತ್ರ ಬೇರೆ.

ಪ್ರಿಯ ವಿದ್ಯಾರ್ಥಿಗಳೇ, ಕಿವಿ ಮಂದವಿದ್ದ, ಮನೆಯ ವ್ಯಾಪಾರ ಮುಳುಗಿದ್ದ ಹುಡುಗನೊಬ್ಬ ಭಾಷೆಗಳನ್ನು ಕಲಿತು ಈ ಎತ್ತರಕ್ಕೆ ಬೆಳೆದ. ಅಂದು ನಮ್ಮ ಜಿಲ್ಲೆಯ ಲೆಕ್ಕದಲ್ಲಿ ಒಬ್ಬಳೂ ಮುಸ್ಲಿಂ ಬಾಲಕಿ ಇರಲಿಲ್ಲ. ಇಂದು ನಮ್ಮ ಹೆಣ್ಣುಮಕ್ಕಳು ಪುಸ್ತಕದ ಚೀಲ ಹೊತ್ತು ಶಾಲೆಯ ಗೇಟು ದಾಟುತ್ತಿದ್ದಾರೆ. ಅವರು ನಡುವೆ ಶಾಲೆ ಬಿಡದೆ ಹತ್ತನೆಯ ತರಗತಿ ದಾಟಿ ಮುಂದೆ ಹೋಗುವಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮೆಲ್ಲರ ಹೊಣೆ.