ನೈನ್ ಸಿಂಗ್ ರಾವತ್

ನೈನ್ ಸಿಂಗ್ ರಾವತ್ (1830–1882) ಹತ್ತೊಂಬತ್ತನೆಯ ಶತಮಾನದ ಭಾರತೀಯ ಅನ್ವೇಷಕರು ಹಾಗೂ ಭೂಮಾಪಕರು. ವೇಷ ಮರೆಸಿಕೊಂಡು ಟಿಬೆಟ್‌ನಲ್ಲಿ ಸಂಚರಿಸಿ ಲಾಸಾ ನಗರದ ಸ್ಥಾನ ಮತ್ತು ಎತ್ತರವನ್ನು ನಿರ್ಧರಿಸಿದ, ತ್ಸಾಂಗ್ಪೊ ನದಿಯ ಬಹುಭಾಗವನ್ನು ನಕ್ಷೆಗೆ ತಂದ ಕೀರ್ತಿ ಅವರದು.

ಇಂದಿನ ಉತ್ತರಾಖಂಡದ ಜೋಹಾರ್ ಕಣಿವೆಯ ಮಿಲಂ ಅವರ ಊರು. ಅಲ್ಲಿನ ಭೋಟಿಯಾ ಜನರು ಪ್ರತಿವರ್ಷ ಹಿಮ ಕರಗಿದ ಮೇಲೆ ಕುರಿ-ಮೇಕೆಗಳ ಮೇಲೆ ಧಾನ್ಯ ಹೇರಿಕೊಂಡು, 5,000 ಮೀಟರಿಗೂ ಎತ್ತರದ ಊಂಟಾ ಧುರಾ ಮೊದಲಾದ ಪರ್ವತಮಾರ್ಗಗಳನ್ನು ದಾಟಿ, ಟಿಬೆಟ್‌ನಿಂದ ಉಪ್ಪು ಮತ್ತು ಉಣ್ಣೆಯನ್ನು ತರುತ್ತಿದ್ದರು. ಟಿಬೆಟನ್ ಭಾಷೆ ನೈನ್ ಸಿಂಗರಿಗೆ ಒಲಿದದ್ದು ಈ ವ್ಯಾಪಾರದ ಹಿನ್ನೆಲೆಯಿಂದ. ಊರಿನ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದುದರಿಂದ ಅವರಿಗೆ 'ಪಂಡಿತ್' ಎಂಬ ಹೆಸರು ಬಂದಿತು.

ಆಗ ಟಿಬೆಟ್ ವಿದೇಶೀಯರಿಗೆ ಮುಚ್ಚಿದ ನಾಡಾಗಿತ್ತು. ಅಳತೆ ಮಾಡುತ್ತ ಸಿಕ್ಕಿಬಿದ್ದವರ ಪ್ರಾಣಕ್ಕೇ ಅಪಾಯವಿತ್ತು. ಸರ್ವೇ ಇಲಾಖೆಯ ಮಾಂಟ್ಗೊಮರಿಯವರ ಯೋಜನೆಯಂತೆ ನೈನ್ ಸಿಂಗ್ ಮತ್ತು ಅವರ ಬಂಧು ಮಾನಿ ಸಿಂಗ್ 1863ರಿಂದ ಡೆಹರಾಡೂನಿನಲ್ಲಿ ತರಬೇತಿ ಪಡೆದರು. ಏರು, ಇಳಿಜಾರು, ಸಮತಟ್ಟು ಯಾವುದೇ ಇರಲಿ, ಹೆಜ್ಜೆಯ ಅಳತೆ ಬದಲಾಗಬಾರದು. ಸುಮಾರು 2,000 ಹೆಜ್ಜೆಗೆ ಒಂದು ಮೈಲಿ. ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದು, ನೂರು ಹೆಜ್ಜೆಗೊಂದು ಮಣಿ ಸರಿಯುತ್ತಿತ್ತು. ಪ್ರಾರ್ಥನಾಚಕ್ರದೊಳಗೆ ಮಂತ್ರದ ಬದಲು ಟಿಪ್ಪಣಿಗಳಿದ್ದವು. ನೀರು ಕುದಿಯುವ ಉಷ್ಣತೆಯಿಂದ ಸ್ಥಳದ ಎತ್ತರವನ್ನು ಲೆಕ್ಕ ಹಾಕುತ್ತಿದ್ದರು. ಮೆತ್ತಗಾದ ಹಿಮದಲ್ಲಿ ಕಾಲು ಹೂತುಹೋಗುವ ಏರುಗಳಲ್ಲಿ ಸಮಹೆಜ್ಜೆ ಕಾಯ್ದುಕೊಳ್ಳುವುದು ಸುಲಭವಲ್ಲ. ಹೀಗಾಗಿ ರಾತ್ರಿ ಗುಟ್ಟಾಗಿ ನಕ್ಷತ್ರಗಳನ್ನು ನೋಡಿ ಗುರುತಿಸಿದ ಅಕ್ಷಾಂಶಗಳು ಹೆಜ್ಜೆಯ ಲೆಕ್ಕವನ್ನು ತಿದ್ದಲು ಅಗತ್ಯವಾಗಿದ್ದವು.

1865ರಲ್ಲಿ ಕಠ್ಮಂಡುವಿನಿಂದ ಹೊರಟಾಗ ಗಡಿಯಲ್ಲಿ ಅಧಿಕಾರಿಗಳು ಅವರನ್ನು ಹಿಂದಿರುಗಿಸಿದರು. ಬಳಿಕ ಲಡಾಖಿ ವ್ಯಾಪಾರಿಯ ವೇಷದಲ್ಲಿ ಒಳಹೊಕ್ಕು, 1866ರ ಜನವರಿಯಲ್ಲಿ ಲಾಸಾ ತಲುಪಿದರು. ಏಪ್ರಿಲ್‌ನಲ್ಲಿ ಅಲ್ಲಿಂದ ಹೊರಟು, ತ್ಸಾಂಗ್ಪೊ ನದಿಯ ಗುಂಟ ಪಶ್ಚಿಮಕ್ಕೆ ನಡೆದು, ಜೂನ್‌ನಲ್ಲಿ ಮಾನಸ ಸರೋವರದ ಪ್ರದೇಶಕ್ಕೆ ಬಂದರು. ಎತ್ತರದ ದಾರಿಗಳಲ್ಲಿ ಹಿಮ ಇನ್ನೂ ಉಳಿದಿರುವ ಕಾಲವದು. ಅಲ್ಲಿಂದ ಹಿಮಾಲಯವನ್ನು ದಾಟಿ ಕುಮಾವೂನಿಗೆ ಮರಳಿದರು. ಈ ಯಾತ್ರೆಯಲ್ಲಿ ಅವರು ಅಳೆದ ದಾರಿ ಸುಮಾರು 1,200 ಮೈಲಿ, ಅಂದರೆ ಹತ್ತಿರಹತ್ತಿರ 25 ಲಕ್ಷ ಹೆಜ್ಜೆಗಳು.

1867ರಲ್ಲಿ ಪಶ್ಚಿಮ ಟಿಬೆಟ್‌ನ ಥೋಕ್ ಜಾಲುಂಗ್ ಚಿನ್ನದ ಗಣಿಗಳನ್ನು ಕಂಡುಬಂದರು. 1874–75ರಲ್ಲಿ ಲೇಹ್‌ನಿಂದ ಲಾಸಾ ಮಾರ್ಗವಾಗಿ ಅಸ್ಸಾಂ ತಲುಪಿದ್ದು ಅವರ ಕೊನೆಯ ದೊಡ್ಡ ಯಾತ್ರೆ.

ಬಹುಕಾಲ ಅವರ ಹೆಸರನ್ನು ಸುರಕ್ಷತೆಗಾಗಿ ಗೋಪ್ಯವಾಗಿ ಇಡಲಾಗಿತ್ತು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಅವರಿಗೆ ಚಿನ್ನದ ಪದಕ ನೀಡಿತು. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು.